ಬೀಳದೇ ಇದ್ದ ತೆಂಗಿನಕಾಯಿ

ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ಯಾವ ತೆಂಗಿನಕಾಯಿಯೂ ಯಾವ ಕಾರಿನ ಮೇಲೂ ಬಿದ್ದಿರುವುದಿಲ್ಲವೆಂದು ಈ ಮೂಲಕ ಸರ್ವರಿಗೂ ತಿಳಿಯಪಡಿಸಲಾಗಿದೆ. ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿ ಇದನ್ನು ಬೋರ್ಡಿನ ಮೇಲೆ ಬರೆದವನು ನಾನು. ಬಿದ್ದಾಗ ಪಕ್ಕದಲ್ಲೇ ನಿಂತಿದ್ದವನೂ ನಾನೇ.

ವರ್ಷವಿಡೀ ಇನ್ಶೂರೆನ್ಸ್ ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ ರಿಯಾಯಿತಿ. ಹೀಗೇ ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದರೆ ಅರ್ಧಕ್ಕರ್ಧ. ಇದೇ ನೋ ಕ್ಲೇಮ್ ಬೋನಸ್. ಎದುರುಮನೆ ಕರಿಬಸಪ್ಪನವರ ಮಗ ಚನ್ನವೀರೇಶ ಅದನ್ನು ಸಂಪಾದಿಸಿದ ಬಗೆ ಸರಳ: ಕಾರು ಓಡಿಸಲಿಲ್ಲ. ಪೂಜೆಯ ದಿನ ಚಕ್ರದ ಕೆಳಗಿಟ್ಟ ನಿಂಬೆಹಣ್ಣುಗಳು ಅಲ್ಲೇ ಒಣಗಿ ಗೋಲಿಯಾಗಿವೆ. ಹುಡುಗ ಬಸ್ಸಿನಲ್ಲಿ ಓಡಾಡುತ್ತಾನೆ. ಇಂಥ ಶಿಸ್ತಿನ ಡ್ರೈವರ್ ವಿಜಯನಗರದವರೆಗೂ ಸಿಗುವುದಿಲ್ಲವೆಂದು ಸಂಘ ಸನ್ಮಾನವನ್ನೂ ಮಾಡಿದೆ.

ಉಲ್ಲಾಳದ ಜಗನ್ನಾಥರು ಮಗಳು ಚೈತನ್ಯಾಳೊಂದಿಗೆ ಗಂಡು ನೋಡಲು ಬಂದರು. ಅವರ ಷರತ್ತು ಒಂದೇ: ಐವತ್ತು ಪರ್ಸೆಂಟ್ ಬೋನಸ್ ಇರುವ ಹುಡುಗನಿಗೇ ಹೆಣ್ಣು. ಐದನೇ ವರ್ಷ ತುಂಬಲು ಇನ್ನೊಂದೇ ವಾರವಿತ್ತು. ಕಾರು ತೋರಿಸೋಣವೆಂದು ಕವರ್ ತೆಗೆದರು ನೋಡಿ, ಪಕ್ಕದ ಇಂದ್ರಮ್ಮನವರ ಮರದ ಕಾಯಿ ದಬ್ಬೆಂದು ಬಾನೆಟ್ ಮೇಲೆ ಬಿತ್ತು. ಬಾನೆಟ್ಟು ಊಟದ ತಟ್ಟೆಯಷ್ಟು ತಗ್ಗಾಯಿತು.

"ಅಪ್ಪಾ, ಕ್ಲೇಮ್ ಮಾಡ್ಬೇಕಾಗುತ್ತೆ" ಎಂದ ಹುಡುಗ.

"ಏನಕ್ಕೆ?"

"ಕಾಯಿ ಬಿತ್ತಲ್ಲ."

"ಯಾವ ಕಾಯಿ?" ಎಂದರು ಕರಿಬಸಪ್ಪ.

ಜಗನ್ನಾಥರು ಆಕಾಶ ನೋಡುತ್ತಾ, "ನಂಗಂತೂ ಏನೂ ಕಾಣಿಸ್ಲಿಲ್ಲ. ಮಾತು ಮುಂದುವರ್ಸಿ ಸಾರ್" ಎಂದರು. ಸಂಘದ ತುರ್ತು ಸಭೆ ಅಲ್ಲೇ ಸೇರಿ ನಿರ್ಣಯ ಪಾಸಾಯಿತು. ಇಂದ್ರಮ್ಮ ಬಂದು ಕಾಯಿ ಎತ್ತಿಕೊಂಡು, "ಇದು ಅಂಗಡೀಲಿ ತಂದಿದ್ದು ಕಣ್ರಪ್ಪ" ಎಂದು ಸಹಕರಿಸಿದರು.

ಎರಡನೇ ಕಾಯಿ ಚನ್ನವೀರೇಶನ ತಲೆ ಮೇಲೆ ಬಿತ್ತು.

ರಕ್ತ ಬಂತು. ಚೈತನ್ಯಾ ಓಡಿ ಬಂದು, "ಆಸ್ಪತ್ರೆಗೆ ಕರ್ಕೊಂಡ್ ಹೋಗೋಣ ಅಂಕಲ್, ಹೆಲ್ತ್ ಇನ್ಶೂರೆನ್ಸ್ ಇದೆಯಲ್ಲ?" ಎಂದಳು.

ಕರಿಬಸಪ್ಪ ಮೆಲ್ಲಗೆ, "ಅದಕ್ಕೂ ಬೋನಸ್ ಇದೆ ಕಣಮ್ಮ" ಎಂದರು.

ಅವಳು ಹುಡುಗನನ್ನೇ ಕೇಳಿದಳು: "ತುಂಬಾ ನೋಯ್ತಿದ್ಯಾ?"

ಅವನು ಅಪ್ಪನ ಮುಖ ನೋಡಿ, ಕಣ್ಣೊರೆಸಿಕೊಂಡು, "ಏನು?" ಎಂದ. ಜಗನ್ನಾಥರಿಗೆ ಆನಂದಬಾಷ್ಪ. ಅಲ್ಲೇ ಎಲೆ ಅಡಿಕೆ ಬದಲಾಯಿಸಿದರು.

ಮದುವೆ ಕೆಂಗೇರಿಯಲ್ಲಿ ನಡೆಯಿತು. ವರನಿಗೆ ಒಂದು ಸೈಜ್ ದೊಡ್ಡ ಪೇಟ ತರಿಸಿದ್ದರು. ಅಕ್ಷತೆ ಹಾಕುವಾಗ ಮನಸ್ಸು ತಡೆಯದೆ ಚೈತನ್ಯಾಳ ಕಿವಿಯಲ್ಲಿ ಕೇಳಿದೆ: "ಊತ ಇಳೀತೇನಮ್ಮ?"

ಅವಳು ಗಂಡನ ಪೇಟ ಸರಿಮಾಡುತ್ತಾ ನನ್ನನ್ನು ನೋಡಿದಳು.

"ಯಾವ ಊತ ಅಂಕಲ್?"