ಮ್ಯಾಚಿಂಗ್ ಬ್ಲೌಸೂ ವಾಯುಮಂಡಲವೂ

ತನಗೇ ಅರ್ಥವಾಗದ್ದನ್ನು ಪಾಠ ಮಾಡುವವನ ದನಿ ಯಾವಾಗಲೂ ಜೋರಾಗಿರುತ್ತದೆ. ಗಣಿಯ ದುಡ್ಡು ಬಳ್ಳಾರಿಯಲ್ಲಿ ಹೊಳೆಯಾಗಿ ಹರಿಯುತ್ತಿದ್ದ ಕಾಲದಲ್ಲಿ ನಾನು ಅಲ್ಲಿಯ ಕಾಲೇಜೊಂದರಲ್ಲಿ ಭೂಗೋಳದ ಮಾಸ್ತರ. ನನ್ನ ಪಾಲಿಗೆ ಹರಿದು ಬಂದದ್ದು ಅದಿರು ಲಾರಿಗಳ ಕೆಂಪು ಧೂಳು ಮತ್ತು ಉಪಗ್ರಹದಿಂದ ತೆಗೆದ ನೆಲದ ಚಿತ್ರ ಓದುವ, ಸಿಲಬಸ್ಸಿಗೆ ಹೊಸದಾಗಿ ಸೇರಿದ ದೂರಸಂವೇದಿ ಪಾಠ. ನೆಲದಿಂದ ಹೊರಟ ಬೆಳಕೆಲ್ಲ ಉಪಗ್ರಹವನ್ನು ಮುಟ್ಟುವುದಿಲ್ಲವಂತೆ. ಒಂದಿಷ್ಟನ್ನು ಗಾಳಿ ನುಂಗುತ್ತದೆ, ಒಂದಿಷ್ಟನ್ನು ಚದುರಿಸುತ್ತದೆ, ಸಾಲದ್ದಕ್ಕೆ ನೆಲವನ್ನೇ ಕಾಣದ ಬಿಸಿಲನ್ನು ನಡುದಾರಿಯಲ್ಲಿ ಸೇರಿಸಿ ಕಳಿಸುತ್ತದೆ. ಹಾಗಾದರೆ ಚಿತ್ರದಲ್ಲಿ ಕಾಣುವುದು ನೆಲವೋ ಗಾಳಿಯೋ? ಎಷ್ಟು ಓದಿದರೂ ತಲೆಬುಡ ತಿಳಿಯಲಿಲ್ಲ.

ಈ ಗೊಂದಲದಲ್ಲೇ ಹೆಂಡತಿ ಗಿರಿಜಾ ಮ್ಯಾಚಿಂಗ್ ಬ್ಲೌಸ್ ಪೀಸ್ ತರಲು ಹೇಳಿದಳು. ಸಿರುಗುಪ್ಪದಲ್ಲಿ ಅವಳ ಕಿರಿಯ ತಂಗಿಯ ನಿಶ್ಚಿತಾರ್ಥ. ಅಕ್ಕಂದಿರೆಲ್ಲ ಲಾರಿ ಮಾಲೀಕರ ಮನೆಯವರು, ಇವಳೊಬ್ಬಳು ಮಾಸ್ತರನ ಹೆಂಡತಿ. ಈ ಸಲವಾದರೂ ಅವರ ಜೊತೆ ಮುಂದಿನ ಸಾಲಿನಲ್ಲಿ ನಿಲ್ಲಬೇಕೆಂದು ಅವಳ ಆಸೆ. ನುಸಿಗುಳಿಗೆಯ ವಾಸನೆ ಹೋಗಲೆಂದು ತೆರೆದ ಮಾಳಿಗೆಯ ಹಗ್ಗಕ್ಕೆ ಹಾಕಿದ್ದ ರೇಷ್ಮೆ ಸೀರೆಯನ್ನು ಎಳೆದುಕೊಂಡು ಹೋದೆ. ಬಣ್ಣವನ್ನು ಅಂಗಡಿಯ ದೀಪದಲ್ಲಿ ನೋಡಬಾರದೆಂಬಷ್ಟು ವಿಜ್ಞಾನ ನನಗೂ ಗೊತ್ತು. ಸೀರೆಯನ್ನೂ ಬಟ್ಟೆಯನ್ನೂ ಬೀದಿಗೆ ತಂದು ಬಿಸಿಲಿಗೆ ಹಿಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಬಟ್ಟೆಯನ್ನು ನೇರವಾಗಿ ಟೈಲರ್‌ಗೆ ಕೊಟ್ಟು, ಊರಿಗೆ ಹೊರಟ ದಿನ ಹೊಲಿದ ಬ್ಲೌಸಿನ ಪೊಟ್ಟಣವನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆವು.

ಸಿರುಗುಪ್ಪದಲ್ಲಿ ಬಿಚ್ಚಿದರೆ ಸೀರೆ ನಿಂಬೆಹಣ್ಣಿನ ಬಣ್ಣ, ಬ್ಲೌಸು ಇಟ್ಟಿಗೆ ಬಣ್ಣ. ಗಿರಿಜಾಳ ಕಣ್ಣು ತುಂಬಿ ಬಂತು. ನನಗೂ ಸಂಕಟವಾಯಿತು, ಸಂಕಟವಾದಾಗ ಪಾಠ ಮಾಡುವುದು ನನ್ನ ಚಟ. ಬಳ್ಳಾರಿಯ ಗಾಳಿಯಲ್ಲಿ ಧೂಳಿದೆ, ಇಲ್ಲಿ ಹೊಳೆದಂಡೆಯ ಗಾಳಿ ತಿಳಿ, ಅದಕ್ಕೇ ಬಣ್ಣ ಬೇರೆ ಕಾಣುತ್ತದೆ ಎಂದು ವಿವರಿಸಿದೆ.

"ಸೀರಿಗೂ ಬ್ಲೌಸಿಗೂ ಒಂದ ಗಾಳಿ ಇತ್ತಲ್ರಿ?" ಎಂದಳು.

ನಾನು ಬ್ಲೌಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅವಳೇ ಮೆತ್ತಗೆ ಕೇಳಿದಳು: "ಹಗ್ಗದ ಮ್ಯಾಲಿಂದ ತಗೊಂಡಾಗ ಸೀರಿ ಝಾಡಿಸಿದ್ರೇನು?"

ಬಳ್ಳಾರಿಯಲ್ಲಿ ಹಗ್ಗದ ಬಟ್ಟೆಯನ್ನು ಝಾಡಿಸದೆ ಯಾರೂ ಮಡಿಸುವುದಿಲ್ಲ. ಅಂಗಡಿಯಿಂದ ನಾನು ಮರಳಿ ತಂದ ಸೀರೆಯನ್ನು ಅವಳೂ ಸಂಜೆ ಝಾಡಿಸಿಯೇ ಮಡಿಸಿದ್ದಳು. ನಾನು ಮಾತ್ರ ಬೆಳಕು ಹೇಗೆ ಚದುರುತ್ತದೆಂದು ಯೋಚಿಸುತ್ತ, ಸೀರೆಗಲ್ಲ, ಸೀರೆಯ ಮೇಲಿನ ಧೂಳಿಗೆ ಬ್ಲೌಸ್ ಹೊಂದಿಸಿ ತಂದಿದ್ದೆ. ಗಿರಿಜಾ ತಾಯಿಯ ಹಳೆಯ ಬ್ಲೌಸು ತೊಟ್ಟು ಹಿಂದಿನ ಸಾಲಿನಲ್ಲಿ ನಿಂತಳು.

ಬಳ್ಳಾರಿಗೆ ಮರಳಿದ ಮೇಲೆ ಆ ಬ್ಲೌಸಿಗೆ ಒಳ್ಳೆಯ ಕಾಲ ಬಂತು. ಮನೆಯಿಂದ ಬಸ್‌ಸ್ಟ್ಯಾಂಡಿನವರೆಗೆ ನಡೆದರೆ ಸಾಕು, ಅದು ಅವಳ ಎಲ್ಲ ಸೀರೆಗಳಿಗೂ ಹೊಂದುತ್ತಿತ್ತು. ಪಕ್ಕದಲ್ಲಿ ಪಾಠ ಹೇಳುತ್ತ ನಡೆಯುವ ನನ್ನ ಬಿಳಿ ಅಂಗಿಗೂ.