ಭಜ್ಜಿ ಬಡಿಸಿದ ಎರಡು ಚಳಿಗಾಲ

ಊಟಕ್ಕೆ ಬಂದವರೆಲ್ಲ ಉಂಡೇ ಹೋಗುತ್ತಾರೆ ಎಂದು ನಂಬುವವರು ನಮ್ಮ ಹೋಟೆಲಿನಲ್ಲಿ ಒಂದು ವಾರ ಬಡಿಸಿ ನೋಡಬೇಕಿತ್ತು. ಎಪ್ಪತ್ತರ ದಶಕ. ಹುಮನಾಬಾದಿನ ಹೆದ್ದಾರಿ ಪಕ್ಕ ನಮ್ಮ ಮಾಲಕರು ಭಾರಿ ಹೋಟೆಲ್ ತೆಗೆದರು. ಮೇಜಿಗೆ ಬಿಳಿ ಬಟ್ಟೆ, ಗಾಜಿನ ಲೋಟ. ಊಟ ಮಾತ್ರ ಸುತ್ತಲಿನ ಹೊಲದ್ದು, ಆಯಾ ಕಾಲಕ್ಕೆ ಬೆಳೆದದ್ದಷ್ಟೇ. ಬಡಿಸಲು ನಾನು, ಅಡುಗೆಗೆ ಬೇಮಳಖೇಡದ ಹೆಂಗಸೊಬ್ಬರು; ಎಲ್ಲರೂ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ಕುರ್ಚಿಗಳು ಹೆಚ್ಚಾಗಿ ಖಾಲಿ.

ಇಡ್ಲಿಯ ಸೀಸನ್

ಮೊದಲ ಚಳಿಗಾಲ ಹುಡಗಿ ಎಂಬ ಊರಿನ ರೈತರೊಬ್ಬರು ಬಂದರು. ಹಸಿ ಕಡಲೆ, ತೊಗರಿ, ಸೊಪ್ಪು ಹಾಕಿ ಕುದಿಸಿದ ಭಜ್ಜಿ, ಜೊತೆಗೆ ಸಜ್ಜಿ ರೊಟ್ಟಿ ಇಟ್ಟೆ. ಅವರ ಮುಖ ಇಳಿಯಿತು.

“ಇದನ್ನ ಮನ್ಯಾಗ ಉಂಡು ಬ್ಯಾಸತ್ತೇ ಇಲ್ಲಿಗೆ ಬಂದೀನಿ. ಇಡ್ಲಿ ಕೊಡ್ರಿ.”

“ಇಲ್ರಿ, ಇಲ್ಲಿ ಆಯಾ ಸೀಸನ್ನಿನ ಊಟ ಅಷ್ಟೇ.”

ಎದ್ದು ರುಮಾಲು ಕೊಡವಿದರು. “ಆತು ಬಿಡ್ರಿ. ಇಡ್ಲಿ ಸೀಸನ್ ಬಂದಾಗ ಹೇಳಿ ಕಳಸ್ರಿ.”

ಹುಡುಕಿಕೊಂಡು ಬಂದವರು

ಬೇಸಿಗೆಯಲ್ಲಿ ಬಸವಕಲ್ಯಾಣದ ಅಧಿಕಾರಿಯೊಬ್ಬರು ಬಂದು ಭಜ್ಜಿಯನ್ನೇ ಕೇಳಿದರು. “ಈಗ ಸಿಗಂಗಿಲ್ರಿ. ಎಳ್ಳ ಅಮಾಸಿಗೆ ಬರ್ರಿ,” ಎಂದರು ಮಾಲಕರು. ಆ ಪುಣ್ಯಾತ್ಮ ನೆನಪಿಟ್ಟುಕೊಂಡು ಚಳಿಗಾಲದ ಆ ಅಮಾವಾಸ್ಯೆಯ ದಿನವೇ ಹೆಂಡತಿಯನ್ನೂ ಕರೆದುಕೊಂಡು ಬಂದರಂತೆ. ಒಳಗೆ ಮಾಲಕರೊಬ್ಬರೇ ಕೂತಿದ್ದರು. ಮುಂದಿನದನ್ನು ಮರುದಿನ ಅವರೇ, ಒಂದಿಷ್ಟೂ ನಗದೆ, ನಮಗೆ ಹೇಳಿದರು.

“ಎಲ್ಲಿ ನಿಮ್ಮ ಮಂದಿ?” ಎಂದು ಅಧಿಕಾರಿ ಕೇಳಿದರಂತೆ.

“ಎಳ್ಳ ಅಮಾಸಿ ಅಲ್ರಿ, ಎಲ್ಲಾರೂ ಭಜ್ಜಿ ಉಣ್ಣಾಕ ಹೊಲಕ್ಕ ಹೋಗ್ಯಾರ್ರಿ.”

ತಳ ಹತ್ತಿದ್ದು

ಆ ಎರಡನೇ ಚಳಿಗಾಲ ಮುಗಿಯುವ ಮೊದಲೇ ಹೋಟೆಲ್ ಮುಚ್ಚುವುದೆಂದಾಯಿತು. ಕೊನೆಯ ದಿನ ಮಾವಶಿ ಅಳುತ್ತ ಕೂತು ಒಲೆ ಮರೆತರು. ಭಜ್ಜಿಯ ತಳ ಹತ್ತಿತು. ಗಿರಾಕಿ ಒಬ್ಬರೂ ಇಲ್ಲ. “ನನಗೇ ಹಾಕ್ರಿ,” ಎಂದು ಮಾಲಕರು ಮೇಜಿಗೆ ಕೂತರು. ಹೆದರುತ್ತಲೇ ಬಡಿಸಿದೆ.

ಒಂದು ತುತ್ತು ಬಾಯಿಗಿಟ್ಟರು. ಮತ್ತಷ್ಟು ಹಾಕಿಸಿಕೊಂಡರು. ಕಣ್ಣು ತುಂಬಿದವು. ಹೋಟೆಲ್ ತೆಗೆಯುವ ಹಿಂದಿನ ವರ್ಷ ಅವರ ಹೆಂಡತಿ ತೀರಿಕೊಂಡಿದ್ದರು. ಆ ಮಾತನ್ನು ನಮ್ಮ ಮುಂದೆ ಎಂದೂ ಎತ್ತಿದವರಲ್ಲ.

“ಎರಡು ವರ್ಷ ಆತು, ಈ ರುಚಿ ಹುಡುಕಾಕತ್ತೇನಿ,” ಎಂದರು. “ಅಕಿ ಪ್ರತಿಸಲ ಹಿಂಗೇ ತಳ ಹೊತ್ತಸ್ತಿದ್ಲು. ಮಾವಶಿ, ಮುಂದಿನ ವರ್ಷ ಮನಿಗೆ ಬಂದು ಹಿಂಗೇ ಮಾಡಿ ಕೊಡ್ರಿ.”

ಮಾವಶಿ ಸೆರಗಿನಿಂದ ಮೂಗು ಒರೆಸಿಕೊಂಡರು.

“ಬ್ಯಾರೆ ಏನರ ಕೇಳ್ರಿ, ಸಾವಕಾರ್ರ. ಪ್ರತಿಸಲ ಹೊತ್ತಸೋದು ನನಗ ಬರಂಗಿಲ್ರಿ. ಅದು ಅವರ ಕೈಗುಣ.”