ಕಸವಿಲ್ಲದ ಕಂಪನಿಗೆ ಸೊನ್ನೆ ಅಂಕ

ತಿರುಪ್ಪೂರು,
೧೪ ಮಾರ್ಚ್ ೧೯೮೬

ಕೊಯಮತ್ತೂರಿನ ಕೈಗಾರಿಕಾ ತ್ಯಾಜ್ಯ ಮರುಬಳಕೆ ಮಾಪನ ಸಮಿತಿಯ ಅಧ್ಯಕ್ಷರಾದ ಶ್ರೀಮಾನ್ ನಾರಾಯಣ ಅವರ ಸನ್ನಿಧಿಗೆ,

ಮಾನ್ಯರೇ,

ಹನ್ನೆರಡು ಹೊಲಿಗೆ ಯಂತ್ರಗಳ ಪುಟ್ಟ ಬನಿಯನ್ ಕಂಪನಿಯೊಂದನ್ನು ನಡೆಸುತ್ತಿರುವ ವೆಂಕಟಾಚಲಂ ಎಂಬ ನಾನು, ತಮಗೂ ತಮ್ಮ ಇಲಾಖೆಯ ತಕ್ಕಡಿಗೂ ಸವಿನಯ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ತಮಿಳಿನಲ್ಲಿ ಬರೆದ ಎರಡು ಪತ್ರಗಳಿಗೆ ಉತ್ತರ ಬಾರದ ಕಾರಣ, ತಮ್ಮ ಮನೆಮಾತೂ ನನ್ನಂತೆ ಕನ್ನಡವೇ ಎಂದು ತಿಳಿದು, ಮೂರನೆಯದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇದರ ನಕಲೊಂದನ್ನು ಇಲ್ಲಿನ ಟೀ ಅಂಗಡಿಯ ಗೋಡೆಗೂ ಅಂಟಿಸಿದ್ದೇನೆ; ನಮ್ಮ ಬೀದಿಯಲ್ಲಿ ಕನ್ನಡ ಅಕ್ಷರ ಓದಬಲ್ಲವರು ಇಬ್ಬರೇ ಆದರೂ ಬಹಿರಂಗ ಪತ್ರಕ್ಕೆ ಅಷ್ಟು ಸಾಕು.

ಕಾರ್ಖಾನೆಗಳು ತಮ್ಮ ಕಸವನ್ನು ಎಷ್ಟರಮಟ್ಟಿಗೆ ಮತ್ತೆ ಬಳಸುತ್ತವೆ ಎಂದು ಅಳೆದು ಅಂಕ ಕೊಡುವ ತಮ್ಮ ಘನ ಯೋಜನೆಯಂತೆ, ಕಳೆದ ಆಗಸ್ಟಿನಲ್ಲಿ ಇನ್‌ಸ್ಪೆಕ್ಟರ್ ಶಿವಲಿಂಗಂ ಅವರು ನಮ್ಮಲ್ಲಿಗೆ ದಯಮಾಡಿಸಿದರು. ನಮ್ಮಲ್ಲಿ ಕತ್ತರಿಸಿ ಉಳಿದ ಬಟ್ಟೆಯನ್ನು ಹದಿನೆಂಟು ವರ್ಷಗಳಿಂದ ವಿಂಗಡಿಸುತ್ತಿದ್ದವರು ಬೆಳ್ಳಿಯಮ್ಮ, ನನ್ನ ತಂದೆಯ ಕಾಲದವರು. ಅವರನ್ನು ಇನ್‌ಸ್ಪೆಕ್ಟರ್ ಕೇಳಿದರು: "ಕಸ ಎಲ್ಲಮ್ಮಾ?"

"ಕಸ ಇಲ್ಲೀಂಗ ಸಾರ್. ದೊಡ್ಡ ತುಂಡು ಮಕ್ಕಳ ಚಡ್ಡಿಗೆ. ಸಣ್ಣದು ಪೋತ್ತನೂರು ರೈಲ್ವೆ ಶೆಡ್ಡಿಗೆ, ಮಿಷನ್ ಒರೆಸಾಕೆ. ನೂಲು ಧಾರಾಪುರಂಗೆ, ದಿಂಬು ತುಂಬಾಕೆ."

"ಕಸವೇ ಇಲ್ಲದಿದ್ದರೆ ಮರುಬಳಕೆ ಎಲ್ಲಿಂದ ಬರುತ್ತದೆ?" ಎಂದು ಅವರು ಬಹಳ ನೊಂದುಕೊಂಡು ಕಸ, ಮರುಬಳಕೆ ಎಂಬ ಎರಡೂ ಕಾಲಂಗಳಲ್ಲಿ ಸೊನ್ನೆ ಬರೆದರು. ಮೂರು ತಿಂಗಳೊಳಗೆ ಮರುಬಳಕೆ ತೋರಿಸದಿದ್ದರೆ ಮಾರ್ಚಿನಲ್ಲಿ ಲೈಸೆನ್ಸ್ ನವೀಕರಣವಿಲ್ಲ ಎಂಬ ನೋಟಿಸೂ ಬಂತು.

ಹನ್ನೆರಡು ಯಂತ್ರಗಳ ಮುಂದೆ ಕೂರುವ ಹೆಂಗಸರ ಮುಖ ನೋಡಿ ಹೆದರಿದ ನಾನು ಹಿತ್ತಲಲ್ಲಿ ಗುಂಡಿ ತೋಡಿಸಿ, ಸಂಜೆ ತುಂಡುಗಳನ್ನೆಲ್ಲ ಅದಕ್ಕೆ ಎಸೆದು ಬೆಳಿಗ್ಗೆ ಎತ್ತಿಕೊಳ್ಳಬೇಕೆಂದು ಬೆಳ್ಳಿಯಮ್ಮನವರಿಗೆ ಹೇಳಿದೆ.

"ಒಳ್ಳೇ ಬಟ್ಟೆ ತಂಬಿ. ಗುಂಡಿಗೆ ಯಾಕೆ ಹಾಕೋದು?"

"ಮತ್ತೆ ಎತ್ತೋಕೆ" ಎಂದೆ. ಜ್ವರ ಬಂದವನನ್ನು ನೋಡುವಂತೆ ನನ್ನನ್ನು ನೋಡಿದರು. ಆದರೂ ಐದು ದಿನ ಹಾಗೇ ಮಾಡಿದರು. ಆರನೆಯ ದಿನ ಮಳೆ ಬಂದು ಗುಂಡಿಯಲ್ಲಿದ್ದುದೆಲ್ಲ ಕೆಸರಾಯಿತು. ಅವರು ನಲ್ಲಿಯಲ್ಲಿ ಕೈ ತೊಳೆದುಕೊಂಡು ಊಟದ ಡಬ್ಬಿ ಎತ್ತಿಕೊಂಡರು.

"ಈ ಕೈ ಒಂದು ತುಂಡೂ ಬಿಸಾಕಿದ್ದಿಲ್ಲ ತಂಬಿ. ಇನ್ನು ನನ್ನ ಕೈಲಾಗಲ್ಲ."

ಅವರು ಹೋದ ಮೇಲೆ ವಿಂಗಡಿಸುವುದು ಯಾರಿಗೂ ಒಗ್ಗಲಿಲ್ಲ. ಗುಂಡಿಯಲ್ಲಿ ಅರ್ಧ ಬಟ್ಟೆ ಕೊಳೆಯಿತು, ಸುಟ್ಟೆವು; ಉಳಿದರ್ಧವನ್ನು ಎತ್ತಿ ಹೇಗೋ ಬಳಸಿದೆವು. ಡಿಸೆಂಬರಿನಲ್ಲಿ ಬಂದ ಶಿವಲಿಂಗಂ ಅವರು ಆನಂದದಿಂದ ತೂಗಿ, ಶೇಕಡಾ ಐವತ್ತೊಂದು ಕೊಟ್ಟು, "ಉತ್ತಮ ಪ್ರಗತಿ" ಎಂಬ ಪ್ರಮಾಣಪತ್ರವನ್ನು ದಯಪಾಲಿಸಿದರು. ಏನನ್ನೂ ಹಾಳುಮಾಡದಿದ್ದಾಗ ಕಾಣದ ನಮ್ಮ ಯೋಗ್ಯತೆಯನ್ನು ಅರ್ಧ ಹಾಳುಮಾಡಿದಾಗ ಕಂಡುಹಿಡಿದ ತಮ್ಮ ಮಾಪನ ಶಾಸ್ತ್ರವನ್ನು ಎಷ್ಟು ಹೊಗಳಿದರೂ ಸಾಲದು.

ಆ ಪ್ರಮಾಣಪತ್ರ ಗೋಡೆಯ ಮೇಲಿದ್ದಷ್ಟು ದಿನ ನಾನು ಅತ್ತ ನೋಡದೆ ಓಡಾಡಿದೆ. ಕೊನೆಗೆ ಹೋದ ವಾರ ಬೆಳ್ಳಿಯಮ್ಮನವರ ಮನೆಗೆ ಹೋದೆ. ಕೂರು ಎನ್ನಲಿಲ್ಲ.

"ಗುಂಡಿ ಮುಚ್ಚಿದೆಯಾ?"

"ಇಲ್ಲ."

"ಮುಚ್ಚಿಬಿಟ್ಟು ಬಾ."

ಸಲಿಕೆ ಹಿಡಿದು ಅಭ್ಯಾಸವಿಲ್ಲದ ನಾನೇ ಮುಚ್ಚಿದೆ. ಹೊಲಿಯುವ ಸುಶೀಲ ಕಿಟಕಿಯಲ್ಲಿ ನಿಂತು ನಕ್ಕಳು. ಸೋಮವಾರ ಬೆಳ್ಳಿಯಮ್ಮ ಬಂದು ತಮ್ಮ ಜಾಗದಲ್ಲಿ ಕೂತರು.

ಆದ್ದರಿಂದ, ಮಾನ್ಯರೇ, ನಮ್ಮಲ್ಲಿ ಈಗ ಮತ್ತೆ ಕಸವಿಲ್ಲ. ಲೈಸೆನ್ಸ್‌ಗೆ ಇನ್ನು ಹದಿನೇಳು ದಿನಗಳಿವೆ. ತಮ್ಮ ಕಾಲಂ ಖಾಲಿ ಇರಬಾರದೆಂದಿದ್ದರೆ, ತಿಂಗಳಿಗೆ ಎರಡು ಮೂಟೆ ಸರಕಾರಿ ಕಸವನ್ನು ನಮಗೆ ಮಂಜೂರು ಮಾಡಬೇಕಾಗಿ ಪ್ರಾರ್ಥನೆ. ಬೆಳ್ಳಿಯಮ್ಮ ಅದನ್ನೂ ಉಪಯೋಗಕ್ಕೆ ತರುತ್ತಾರೆ. ಅದು ಸಾಧ್ಯವಿಲ್ಲದಿದ್ದರೆ ನಮ್ಮ ಸೊನ್ನೆಯನ್ನು ನಮಗೇ ಹಿಂದಿರುಗಿಸಿ. ಬಾಗಿಲಿಗೆ ಬೀಗ ಹಾಕಲು ಬರುವವರಿಗೆ ನಾವು ಹನ್ನೆರಡು ಯಂತ್ರಗಳ ಮುಂದೆಯೇ ಸಿಗುತ್ತೇವೆ.

ಸೊನ್ನೆಯನ್ನು ದುಡಿದು ಗಳಿಸಿದ,
ತಮ್ಮ ವಿಶ್ವಾಸಿ,
ವೆಂಕಟಾಚಲಂ

ತಾ.ಕ.: ಪ್ರಮಾಣಪತ್ರವನ್ನು ಎಸೆಯಹೊರಟಾಗ, ಅದರ ಹಿಂಬದಿ ಖಾಲಿ ಇದೆಯೆಂದು ಬೆಳ್ಳಿಯಮ್ಮ ತೋರಿಸಿದರು. ತಾವು ಈಗ ಓದುತ್ತಿರುವ ಈ ಪತ್ರವನ್ನು ಬರೆದಿರುವುದು ಅದರ ಮೇಲೆಯೇ. ಮುಂಬದಿಯನ್ನು ಮಾತ್ರ ಎಸೆಯುವ ವಿಧಾನವೇನಾದರೂ ಇದ್ದರೆ ದಯವಿಟ್ಟು ತಿಳಿಸಿ.